ಕಂಬಳಿಯ ಮೇಲಿನ ಇಂಗ್ಲಿಷ್

ಜಂಬವಿಲ್ಲದ ಮನುಷ್ಯನನ್ನು ನಾನು ಇದುವರೆಗೆ ನೋಡಿಲ್ಲ. 'ನನಗೆ ಜಂಬವೆಂದರೆ ಆಗುವುದೇ ಇಲ್ಲ' ಎನ್ನುವವರನ್ನು ನೋಡಿದ್ದೇನೆ. ಆ ಮಾತು ಹೇಳುವಾಗ ಅವರ ಮುಖದಲ್ಲಿದ್ದ ಜಂಬವನ್ನೂ ನೋಡಿದ್ದೇನೆ. ನಮ್ಮ ಕಂಪ್ಲಿಯಲ್ಲಿ ಎತ್ತಿನ ಜಂಬ ಹೋಗಿ ಟ್ರ್ಯಾಕ್ಟರಿನ ಜಂಬ ಬಂದದ್ದು ನನ್ನ ಕಣ್ಣೆದುರೇ. ಬಾಳೆತೋಟದವರಿಗೆ ಗೊನೆಯ ಜಂಬ, ಕಬ್ಬಿನವರಿಗೆ ಗಾಣದ ಜಂಬ, ಏನೂ ಇಲ್ಲದವರಿಗೆ ತಮ್ಮ ನೇರ ನುಡಿಯ ಜಂಬ. ನಾನು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರನಾಗಿದ್ದವನು. ಗೊನೆಯಿಲ್ಲ, ಗಾಣವಿಲ್ಲ, ನೇರ ನುಡಿಯಂತೂ ನೌಕರಿಯವನಿಗೆ ಒಗ್ಗುವುದಿಲ್ಲ. ನನಗಿರುವುದು ಒಂದೇ ಒಂದು ಜಂಬ, ಅದೂ ಒಂದು ಕಂಬಳಿಯದು. ಇಂಗ್ಲಿಷ್ ವ್ಯಾಕರಣಕ್ಕೂ ಕಂಬಳಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನೀವು ಕೇಳಬಹುದು. ಬೆಂಗಳೂರಿನಿಂದ ಬಂದ ಮೇಡಂ ಕೂಡ ಅದನ್ನೇ ಕೇಳಿದರು. ಸಾವಕಾಶವಾಗಿ ಹೇಳುತ್ತೇನೆ. ಪಿಂಚಣಿ ಬರುವ ಮನುಷ್ಯನಿಗೆ ಅವಸರವೇನಿರುತ್ತದೆ?

ನಾನು ಕಂಪ್ಲಿಗೆ ವರ್ಗವಾಗಿ ಬಂದಾಗ ಕಾಲುವೆಯ ನೀರು ಊರಿಗೆ ಚೆನ್ನಾಗಿ ಒಗ್ಗಿಹೋಗಿತ್ತು. ಹಿಂದೆ ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ನಿಂತಿತ್ತು. ಆಂಧ್ರದಿಂದ ಬಂದ ರೈತರು ಗದ್ದೆಗಳ ಅಂಚಿಗೆ ಕ್ಯಾಂಪುಗಳನ್ನು ಕಟ್ಟಿಕೊಂಡಿದ್ದರು. ನನ್ನ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವವರು, ತೆಲುಗು ಆಡುವವರು, ಉರ್ದು ಆಡುವವರು ಒಂದೇ ಬೆಂಚಿನಲ್ಲಿ ಕುಳಿತು, ಯಾರ ಮನೆಯಲ್ಲೂ ಆಡದ ಇಂಗ್ಲಿಷನ್ನು ನನ್ನಿಂದ ಕಲಿಯುತ್ತಿದ್ದರು. ಹೊಟ್ಟೆ ತುಂಬಿದ ಮೇಲೆ ಮನುಷ್ಯನಿಗೆ ಬೇರೆ ಹಸಿವು ಹುಟ್ಟುತ್ತದಲ್ಲ, ಹಾಗೆ ಊರಿನ ತಂದೆಯರಿಗೆಲ್ಲ ಇಂಗ್ಲಿಷಿನ ಹಸಿವು ಹುಟ್ಟಿತ್ತು. ಎಂಟನೆಯ ತರಗತಿಯ ಪಂಪಾಪತಿಯ ತಂದೆ ಒಮ್ಮೆ ತನ್ನ ಹೊಸ ಟ್ರ್ಯಾಕ್ಟರಿನ ಜೊತೆ ಬಂದ ದಪ್ಪ ಪುಸ್ತಕವನ್ನು ಹೆಗಲ ವಲ್ಲಿಯಲ್ಲಿ ಸುತ್ತಿಕೊಂಡು ಶಾಲೆಗೇ ಬಂದ. "ಸರ, ಇದನ್ನ ಓದಂಗ ನಮ್ಮ ಹುಡುಗನ್ನ ತಯಾರ ಮಾಡ್ರಿ. ಭಾಳ ಏನ್ ಬ್ಯಾಡ. ಗಾಡಿ ನಿಂತಾಗ ಎಲ್ಲಿ ಬಡದ್ರ ಚಾಲೂ ಆಗತೈತಿ ಅನ್ನೋದು ತಿಳಿದ್ರ ಸಾಕು" ಎಂದ. ನಾನು ಪುಸ್ತಕ ತೆರೆದು ನೋಡಿದೆ. ಮೊದಲ ಪುಟದಲ್ಲಿ ನನಗೆ ಅರ್ಥವಾದದ್ದು 'ದಿ' ಮತ್ತು 'ಆಫ್' ಮಾತ್ರ. "ಇದು ಹತ್ತನೆಯ ತರಗತಿಯ ಪಾಠ, ಅಲ್ಲಿಗೆ ಬರಲಿ ನೋಡೋಣ" ಎಂದು ಗಂಭೀರವಾಗಿ ಮುಚ್ಚಿ ಕೊಟ್ಟೆ.

ಆಗ ನಾವು ವ್ಯಾಕರಣ ಕಲಿಸುತ್ತಿದ್ದ ರೀತಿಯನ್ನು ನೆನೆದರೆ ನನಗೇ ನಗು ಬರುತ್ತದೆ. ಸೂತ್ರ ಹೇಳುವುದು, ಹುಡುಗರು ಮಗ್ಗಿಯಂತೆ ಕೂಗುವುದು, ಪರೀಕ್ಷೆಯಲ್ಲಿ ಬರೆಯುವುದು, ಹೊರಗೆ ಬಂದು ಮರೆಯುವುದು. ಯಾವ ಹುಡುಗನಿಗೂ ಕೊನೆಗೆ 'ನೀರು ಕೊಡಿ' ಎನ್ನಲು ಕೂಡ ಇಂಗ್ಲಿಷ್ ಬರುತ್ತಿರಲಿಲ್ಲ. ಹುಡುಗರದು ಬಿಡಿ, ಮಾಸ್ತರನದು ಕೇಳಿ. ಒಮ್ಮೆ ಹೆಂಡತಿಯೊಡನೆ ಹಂಪಿಗೆ ಹೋದಾಗ, ಬಜಾರಿನ ಕಲ್ಲುಮಂಟಪದ ನೆರಳಿನಲ್ಲಿ ನಿಂತಿದ್ದ ಬಿಳಿಯನೊಬ್ಬ ವಿಠ್ಠಲ ದೇವಾಲಯಕ್ಕೆ ದಾರಿ ಕೇಳಿದ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವನ್ನೂ ಅಣಿ ಮಾಡಿಕೊಂಡು ದೋಷವಿಲ್ಲದ ವಾಕ್ಯವೊಂದನ್ನು ಕಟ್ಟಿ ಬಾಯಿ ತೆರೆಯುವ ಹೊತ್ತಿಗೆ ಆತ ಯಾರೋ ತೋರಿಸಿದ ಬೆರಳನ್ನು ನೋಡಿಕೊಂಡು ಹೊಳೆಯ ದಂಡೆಗೆ ಇಳಿದಾಗಿತ್ತು. "ಅವ್ರಿಗೆ ಭಾಳ ಅವಸರ ಇತ್ತು ಅಂತ ಕಾಣತೈತಿ" ಎಂದಳು ಹುಲಿಗೆಮ್ಮ. ಅವಳು ನನ್ನ ಮಾನ ಕಾಯ್ದಳೋ, ಕಳೆದಳೋ ಇಂದಿಗೂ ಗೊತ್ತಿಲ್ಲ.

ಅಂಥ ಹೊತ್ತಿನಲ್ಲಿ ಇಲಾಖೆಯವರು ನನ್ನನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ಇಂಗ್ಲಿಷ್ ಮಾಸ್ತರುಗಳಿಗೇ ಇಂಗ್ಲಿಷ್ ಕಲಿಸುವ ಸಂಸ್ಥೆ ಅದು. ಅಲ್ಲಿ ನಮಗೆ ಪಾಠ ಹೇಳುತ್ತಿದ್ದವರು ಸುಲೋಚನಾ ಮೇಡಂ. ಯಾರ ಹೆಸರೂ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ, ಊರಿನಿಂದಲೇ ಕೂಗುತ್ತಿದ್ದರು. ಹಾಗಾಗಿ ಗಾದಿಲಿಂಗಪ್ಪನಾದ ನಾನು ಅಲ್ಲಿರುವಷ್ಟು ಕಾಲ 'ಮಿಸ್ಟರ್ ಕಂಪ್ಲಿ' ಆಗಿದ್ದೆ. ಇಡೀ ಊರನ್ನು ಹೆಗಲ ಮೇಲೆ ಹೊತ್ತುಕೊಂಡಂತೆ ಎದೆ ಉಬ್ಬಿಸಿ ಓಡಾಡುತ್ತಿದ್ದೆ. ಮೇಡಂ ಕಲಿಸಿದ ಹೊಸ ವಿದ್ಯೆಗಳಲ್ಲಿ ಎರಡು ನನ್ನ ಮನಸ್ಸು ಗೆದ್ದವು. ಒಂದು, ಬದಲಿ ಕೋಷ್ಟಕ. ಮೊದಲ ಸಾಲಿನಲ್ಲಿ ನಾನು, ನನ್ನ ತಂದೆ, ನನ್ನ ತಾಯಿ. ಎರಡನೆಯದರಲ್ಲಿ ಹೋದರು, ಕೊಂಡರು, ನೋಡಿದರು. ಮೂರನೆಯದರಲ್ಲಿ ಮದ್ರಾಸು, ಲಂಡನ್ನು, ಆನೆ, ವಿಮಾನ. ಒಂದೊಂದು ಸಾಲಿನಿಂದ ಒಂದೊಂದನ್ನು ಎತ್ತಿ ಜೋಡಿಸಿದರೆ ವಾಕ್ಯ ಸಿದ್ಧ. ಸೂತ್ರವೂ ಬೇಡ, ತಲೆನೋವೂ ಬೇಡ. ಇನ್ನೊಂದು, ಫ್ಲ್ಯಾನಲ್ ಬೋರ್ಡು. ಒರಟು ಉಣ್ಣೆಯ ಬಟ್ಟೆಯನ್ನು ಹಲಗೆಗೆ ಬಿಗಿದು, ಪದ ಬರೆದ ಚೀಟಿಗಳ ಬೆನ್ನಿಗೆ ಸ್ಯಾಂಡ್‌ಪೇಪರ್ ಅಂಟಿಸಿ ಒತ್ತಿದರೆ ಅವು ಅಲ್ಲೇ ಕಚ್ಚಿಕೊಳ್ಳುತ್ತವೆ. ಕಿತ್ತು ಬೇರೆ ಕಡೆಗೂ ಇಡಬಹುದು. ಇದನ್ನು ನೋಡಿದ ಮೇಲೆ ಸೀಮೆಸುಣ್ಣ ಹಿಡಿಯಲು ನನಗೆ ನಾಚಿಕೆಯಾಗತೊಡಗಿತು.

ಊರಿಗೆ ಮರಳಿದ ಮರುವರ್ಷ ಸಂಸ್ಥೆಯಿಂದ ಒಂದು ಸುದ್ದಿ ಬಂತು. ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಇಂಗ್ಲಿಷ್ ಮಾಸ್ತರುಗಳಿಗೆಲ್ಲ ಸೇರಿ ಒಂದು ಬೀರು ಕೊಡುತ್ತಾರಂತೆ. ಕಬ್ಬಿಣದ, ಹಸಿರು ಬಣ್ಣದ ಬೀರು. ಅದರ ತುಂಬ ವ್ಯಾಕರಣ ಕಲಿಸುವ ಕೈಪಿಡಿಗಳು, ಬಣ್ಣದ ಚಿತ್ರಗಳು, ಒಂದು ಟೇಪ್ ರೆಕಾರ್ಡರ್. ಬೀರು ಯಾವ ಶಾಲೆಯಲ್ಲಿ ನಿಲ್ಲುತ್ತದೋ ಆ ಶಾಲೆಯೇ ಕೇಂದ್ರ. ಉಳಿದ ಊರುಗಳ ಮಾಸ್ತರುಗಳು ತಿಂಗಳಿಗೊಮ್ಮೆ ಅಲ್ಲಿಗೆ ಬಂದು ಕಲಿತು ಹೋಗಬೇಕು. ಎಲ್ಲರೂ ಅದು ಹೊಸಪೇಟೆಗೇ ಎಂದು ತೀರ್ಮಾನಿಸಿಬಿಟ್ಟಿದ್ದರು. ಅಲ್ಲಿನ ಗುರುರಾಜ ಮಾಸ್ತರು ಬೀರು ನಿಲ್ಲಿಸಲು ಜಾಗ ಗುಡಿಸಿಯೂ ಆಗಿತ್ತು. ಅವರು ಯಾವಾಗಲೂ ಬೂಟು ಹಾಕುವ ಮನುಷ್ಯ. ನಮ್ಮ ಕಡೆಯ ಬಿಸಿಲಿನಲ್ಲಿ ಬೂಟು ಹಾಕುವವನು ಜ್ಞಾನಿಯೇ ಇರಬೇಕೆಂದು ಜನ ನಂಬುತ್ತಿದ್ದರು. ಆದರೆ ಮೇಡಂ ಮಾತ್ರ ಎರಡೂ ಶಾಲೆಗಳಲ್ಲಿ ಒಂದೊಂದು ಮಾದರಿ ಪಾಠ ನೋಡಿಯೇ ಹೇಳುತ್ತೇನೆಂದು ಬರೆದಿದ್ದರು. ನನಗೆ ಆ ಬೀರು ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಊಟಕ್ಕೆ ಕುಳಿತರೆ ತಟ್ಟೆಯಲ್ಲಿಯೂ ಹಸಿರು ಬಣ್ಣವೇ ಕಾಣುತ್ತಿತ್ತು. ಹುಲಿಗೆಮ್ಮ ಪುಂಡಿಸೊಪ್ಪಿನ ಪಲ್ಲೆ ಬಡಿಸಿರುತ್ತಿದ್ದಳು, ಅದು ಬೇರೆ ಮಾತು.

ಮಾದರಿ ಪಾಠವೆಂದ ಮೇಲೆ ಫ್ಲ್ಯಾನಲ್ ಬೋರ್ಡು ಇಲ್ಲದೆ ಹೇಗೆ? ಬಟ್ಟೆ ತರಲು ಹೊಸಪೇಟೆಗೆ ಹೋಗಿ ಅಂಗಡಿ ಅಂಗಡಿ ಸುತ್ತಿದೆ. ಒಬ್ಬ ಅಂಗಡಿಯವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಫ್ಲ್ಯಾನಲ್ಲಾ? ಈ ಬಿಸಿಲಾಗ? ಮೈಯಾಗ ಆರಾಮ ಐತಿಲ್ರಿ ಸರ?" ಎಂದು ಕೇಳಿದ. ಬರಿಗೈಯಲ್ಲಿ ಬಸ್ಸು ಹತ್ತಿದೆ. ಮನೆಗೆ ಬಂದು ಮುಖ ಸಪ್ಪಗೆ ಮಾಡಿಕೊಂಡು ಕುಳಿತಾಗ ಗೂಟದ ಮೇಲೆ ಮಡಿಸಿಟ್ಟ ಕಂಬಳಿ ಕಣ್ಣಿಗೆ ಬಿತ್ತು. ಕರಿಯ ಕಂಬಳಿ, ಬಿಳಿ ಅಂಚು, ಮುಟ್ಟಿದರೆ ಕೈಗೆ ಚುಚ್ಚುವ ಉಣ್ಣೆ. ಒಂದು ಚೀಟಿ ತಂದು ಒತ್ತಿ ನೋಡಿದೆ. ಜಿಗಣೆಯಂತೆ ಹಿಡಿಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ತಿಳಿದು ನಾನು ಊರೆಲ್ಲ ಸುತ್ತಿ ಬಂದಿದ್ದೆ.

ಆದರೆ ಅದು ಬರೀ ಕಂಬಳಿಯಾಗಿರಲಿಲ್ಲ, ಹುಲಿಗೆಮ್ಮನ ತವರಿನ ಕಂಬಳಿಯಾಗಿತ್ತು. ಅವಳ ತವರು ಸಂಡೂರು ಕಡೆಯ ಬಂಡ್ರಿಯ ಪಕ್ಕದ ಹಳ್ಳಿ. ನಮ್ಮ ಜನದಲ್ಲಿ ಕಂಬಳಿಯನ್ನು ನೆಲಕ್ಕೆ ಹಾಸಿದರೆ ಅದು ಗದ್ದಿಗೆ. ಮಗುವಿಗೆ ಹೆಸರಿಡುವುದು ಅದರ ಮುಂದೆ, ಸೋದರರ ಜಗಳ ಬಗೆಹರಿಯುವುದು ಅದರ ಮುಂದೆ. ಹಾಸಿದ ಕಂಬಳಿಯ ಮೇಲೆ ಕೈಯಿಟ್ಟವನು ಸುಳ್ಳಾಡುವಂತಿಲ್ಲ. ಆಡಿ ಬದುಕಿದವನಿಲ್ಲ ಎನ್ನುತ್ತಾರೆ. ಆಡಿ ನೋಡುವ ಧೈರ್ಯವನ್ನೂ ಯಾರೂ ಮಾಡಿಲ್ಲ. ಇಂಥದ್ದನ್ನು ಶಾಲೆಗೆ ಒಯ್ಯುತ್ತೇನೆ ಎಂದಾಗ ಹುಲಿಗೆಮ್ಮ ರೊಟ್ಟಿ ತಟ್ಟುವ ಕೈಯನ್ನು ನಿಲ್ಲಿಸಿದಳು.

"ಅದರ ಮ್ಯಾಲ ಏನ್ ಮಾಡ್ತೀರಿ?"

"ಇಂಗ್ಲಿಷ್ ವಾಕ್ಯ ಹೇಳಿಸ್ತೀನಿ."

"ಖರೇ ವಾಕ್ಯನೋ, ಸುಳ್ಳೋ?"

ಈ ಪ್ರಶ್ನೆಯನ್ನು ಬೆಂಗಳೂರಿನ ತರಬೇತಿಯಲ್ಲಿ ಯಾರೂ ಕೇಳಿರಲಿಲ್ಲ. ನನ್ನ ಕೋಷ್ಟಕದಲ್ಲಿ ಹುಡುಗರ ತಂದೆಯರು ದಿನಾ ಲಂಡನ್ನಿಗೆ ಹೋಗುತ್ತಿದ್ದರು, ತಾಯಂದಿರು ಆನೆ ಕೊಳ್ಳುತ್ತಿದ್ದರು. "ಅಭ್ಯಾಸದ ವಾಕ್ಯ ಅದು, ಅದಕ್ಕ ಖರೇ ಸುಳ್ಳು ಅಂತ ಇರಂಗಿಲ್ಲ. ಅದೂ ಅಲ್ದ ಇಂಗ್ಲಿಷಿನ್ಯಾಗ ಹೇಳೋದು. ನಿಮ್ಮ ದೇವರಿಗೆ ಇಂಗ್ಲಿಷ್ ಬರತೈತೇನು?" ಎಂದೆ.

"ಬರದ ಭಾಷಿ ಇದ್ರ ಅದೆಂಥಾ ದೇವ್ರು?" ಎಂದಳು.

ನಾನು ವಕೀಲಿಗೆ ಇಳಿದೆ. ಹಾಸಿದರೆ ತಾನೇ ಗದ್ದಿಗೆ? ನಾನು ಹಾಸುವುದೇ ಇಲ್ಲ, ಕರಿಹಲಗೆಯ ಮೇಲೆ ತೂಗುಹಾಕುತ್ತೇನೆ. ತೂಗುಹಾಕಿದ್ದು ಗದ್ದಿಗೆ ಹೇಗಾದೀತು? ಹುಲಿಗೆಮ್ಮ ಬಹಳ ಹೊತ್ತು ಯೋಚಿಸಿದಳು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಕೊನೆಗೆ, "ಮೊಳೆ ಹೊಡೀಬ್ಯಾಡ್ರಿ. ನೆಲಕ್ಕ ಮುಟ್ಟಿಸಬ್ಯಾಡ್ರಿ. ಹಂಗಿದ್ರ ಒಯ್ಯಿರಿ" ಎಂದಳು. ಆ ದಿನ ನಾನು ಹೈಕೋರ್ಟಿನಲ್ಲಿ ದಾವೆ ಗೆದ್ದವನಂತೆ ಸೀದ ರೊಟ್ಟಿ ತಿಂದೆ.

ಮುಂದಿನ ದಿನಗಳಲ್ಲಿ ಎಂಟನೆಯ ತರಗತಿಯ ಮೇಲೆ ನಾನು ನಡೆಸಿದ ದಾಳಿಯನ್ನು ಆ ಮಕ್ಕಳು ಈಗಲೂ ಮರೆತಿರಲಾರರು. ಚೀಟಿ ಒತ್ತುವುದು, ಓದಿಸುವುದು, ಕೀಳುವುದು. ಪಂಪಾಪತಿ ನನ್ನ ಪಟ್ಟದ ಆನೆ. ಯಾವ ಚೀಟಿ ತೋರಿಸಿದರೂ ತಡವರಿಸದೆ ತನ್ನ ತಂದೆಯನ್ನು ಮದ್ರಾಸಿಗೆ ಕಳಿಸಿ, ವಿಮಾನ ಕೊಡಿಸಿ, ಸಂಜೆಯೊಳಗೆ ಮನೆಗೆ ತರುತ್ತಿದ್ದ. ಕ್ಯಾಂಪಿನ ಹುಡುಗ ವೆಂಕಟೇಶ್ವರ್ಲು ಅವನಿಗಿಂತ ಒಂದು ಹೆಜ್ಜೆ ಹಿಂದೆ. ಹಂಪಮ್ಮ ಎಂಬ ಹುಡುಗಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಕಣ್ಣು ಅಗಲಿಸಿ ನೋಡುತ್ತ ಕುಳಿತುಬಿಡುತ್ತಿದ್ದಳು. ಅವಳನ್ನು ಆ ದಿನ ಹಿಂದಿನ ಸಾಲಿನಲ್ಲಿ ಕೂರಿಸುವುದೆಂದು ನಾನು ನಿಶ್ಚಯಿಸಿಕೊಂಡೆ.

ಆ ದಿನ ಬಂತು. ಮೇಡಂ ಹಿಂದಿನ ದಿನವೇ ಹೊಸಪೇಟೆಯ ಪಾಠ ನೋಡಿಕೊಂಡು ಬಂದಿದ್ದರು. ಅದು ಬಹಳ ಚೆನ್ನಾಗಿತ್ತೆಂಬ ಸುದ್ದಿ ಅವರಿಗಿಂತ ಮೊದಲಿನ ಬಸ್ಸಿಗೇ ಬಂದಿತ್ತು. ಮೂರೂ ಊರುಗಳ ಮಾಸ್ತರುಗಳು ಗೋಡೆಯುದ್ದಕ್ಕೆ ಕುರ್ಚಿಗಳಲ್ಲಿ ಕುಳಿತರು. ಗುರುರಾಜ ಮಾಸ್ತರು ಕಾಲ ಮೇಲೆ ಕಾಲು ಹಾಕಿ ಬೂಟು ಎಲ್ಲರಿಗೂ ಕಾಣುವಂತೆ ಕುಳಿತರು. ಮೇಡಂ ಕರಿಹಲಗೆಯತ್ತ ನೋಡಿ, "ಏನ್ರೀ ಮಿಸ್ಟರ್ ಕಂಪ್ಲಿ, ವ್ಯಾಕರಣಕ್ಕೆ ಚಳಿಯಾಗಿದೆಯಾ? ಕಂಬಳಿ ಹೊದೆಸಿದ್ದೀರಲ್ಲ" ಎಂದರು. ಎಲ್ಲರೂ ನಕ್ಕರು. "ಸ್ಥಳೀಯವಾಗಿ ಸಿಗುವ ವಸ್ತು, ಮೇಡಂ. ತಾವೇ ಹೇಳಿಕೊಟ್ಟದ್ದು" ಎಂದು ನಾನೂ ಬಿಡಲಿಲ್ಲ. ಚೀಟಿಗಳನ್ನು ಸಾಲಾಗಿ ಒತ್ತಿದೆ. ಮೊಳೆ ಹೊಡೆಯಬಾರದೆಂದು ಕಂಬಳಿಯನ್ನು ಹುರಿಹಗ್ಗದಿಂದ ನಾನೇ ಕಟ್ಟಿದ್ದೆ. ನನಗೆ ವ್ಯಾಕರಣ ಬಂದಷ್ಟು ಗಂಟು ಹಾಕಲು ಬಾರದೆಂಬುದು ಆಗ ಗೊತ್ತಾಯಿತು. ಕೊನೆಯ ಚೀಟಿಯನ್ನು ಒತ್ತುತ್ತಿದ್ದಂತೆ ಹಗ್ಗ ಜಾರಿತು. ಕಂಬಳಿ ಗಾಳಿಗೆ ಉಬ್ಬಿ, ಯಾರೋ ನಾಲ್ಕು ಮೂಲೆ ಹಿಡಿದು ಹಾಸಿದಂತೆ, ಮಕ್ಕಳ ಮುಂದೆ ನೆಲದ ಮೇಲೆ ಹರಡಿಕೊಂಡಿತು. ಒಂದು ಚೀಟಿಯೂ ಕದಲಿರಲಿಲ್ಲ. ಅಷ್ಟರಮಟ್ಟಿಗೆ ನನ್ನ ಉಪಕರಣ ಗೆದ್ದಿತ್ತು.

ಮಕ್ಕಳು ಎದ್ದು ನಿಂತರು. ನಾನು ಏಳಲು ಹೇಳಿರಲಿಲ್ಲ. ಒಬ್ಬಿಬ್ಬರು ಕೈ ಮುಗಿದರು. ಕ್ಯಾಂಪಿನ ಹುಡುಗರೂ, ಸಾಬರ ಹುಡುಗರೂ ಸುಮ್ಮನೆ ನಿಂತರು; ಅಕ್ಕಪಕ್ಕದವರ ಗದ್ದಿಗೆ ಯಾವುದು, ಹಾಸಿಗೆ ಯಾವುದು ಎಂಬುದು ಅವರಿಗೂ ಗೊತ್ತಿತ್ತು. ಏನಾಯಿತೆಂದು ನೋಡಲು ಮೇಡಂ ಮುಂದೆ ಬಂದರು. "ಮೇಡಂ, ಚಪ್ಪಲ್ರೀ!" ಎಂದು ಹಂಪಮ್ಮ ಕೂಗಿದಳು. ಮೇಡಂ ಬೆಚ್ಚಿ ಕಾಲು ಹಿಂದೆ ತೆಗೆದುಕೊಂಡರು. ಕಂಬಳಿಯನ್ನು ಎತ್ತಿ ಮತ್ತೆ ಕಟ್ಟೋಣವೆಂದರೆ, ಹಾಸಿದ ಗದ್ದಿಗೆಯನ್ನು ಕೆಲಸ ಮುಗಿಯುವ ಮೊದಲು ಎತ್ತಬಾರದು. ಆ ಭಯ ನನ್ನಲ್ಲೂ ಇತ್ತು. ತರಬೇತಿ ಪಡೆದವನಾದರೇನು, ಹುಟ್ಟಿದ್ದು ಈ ನೆಲದಲ್ಲಿಯೇ. "ಎಲ್ಲಾರೂ ಸುತ್ತ ಕುಂದ್ರಿ" ಎಂದೆ, ಮೊದಲೇ ಹೀಗೇ ಯೋಜಿಸಿದ್ದವನ ಹಾಗೆ. ಮಕ್ಕಳು ಸುತ್ತ ಕುಳಿತು ಕಂಬಳಿಯ ಅಂಚಿಗೆ ಕೈಯಿಟ್ಟರು. ಮೇಡಂ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು, ತಾವೂ ನೆಲದ ಮೇಲೆ ಕುಳಿತುಬಿಟ್ಟರು.

"ಪಂಪಾಪತಿ, ನೀನು ಶುರು ಮಾಡು" ಎಂದೆ. 'ನನ್ನ ತಂದೆ ನಿನ್ನೆ ಮದ್ರಾಸಿಗೆ ಹೋದರು' ಎಂಬ ವಾಕ್ಯದ ಚೀಟಿಗಳು ಅವನ ಮುಂದೆಯೇ ಇದ್ದವು. ಆ ವಾಕ್ಯವನ್ನು ಅವನು ನಿದ್ದೆಯಲ್ಲಿಯೂ ಹೇಳಬಲ್ಲ. ಅವನು ಚೀಟಿ ನೋಡಿದ, ಕಂಬಳಿ ನೋಡಿದ, ನನ್ನನ್ನು ನೋಡಿದ. ನನ್ನ ಪಟ್ಟದ ಆನೆ ಅಂಬಾರಿಯ ಹೊತ್ತಿಗೆ ಮಲಗಿಬಿಟ್ಟಿತು.

"ಹೇಳೋ."

"ನಮ್ಮಪ್ಪ ಹೋಗಿಲ್ರಿ ಸರ."

"ಹೋಗದಿದ್ರ ಏನಾತು? ವಾಕ್ಯ ಹೇಳೋ."

"ಹೆಂಗ ಹೇಳ್ಲಿರಿ? ಕಂಬ್ಳಿ ಹಾಸೈತಲ್ರಿ."

ಗೋಡೆಯ ಕಡೆಯಿಂದ ಕಿಸಕ್ಕೆಂದು ನಗು ಕೇಳಿಸಿತು. ವೆಂಕಟೇಶ್ವರ್ಲುವಿನ ಕಡೆ ತಿರುಗಿದೆ. ತನ್ನ ತಾಯಿ ಆನೆ ಕೊಂಡಳೆಂದು ಹೇಳಲು ಅವನೂ ತಯಾರಿರಲಿಲ್ಲ. ಇಡೀ ತರಗತಿ ಸತ್ಯಾಗ್ರಹ ಹೂಡಿದಂತೆ ಕುಳಿತಿತ್ತು. ಹಸಿರು ಬೀರು ಹೊಸಪೇಟೆಯ ದಾರಿ ಹಿಡಿದು ದೂರ ಹೋಗುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು. ಆಗ ಮೇಡಂ ನನ್ನತ್ತ ನೋಡಲೇ ಇಲ್ಲ. ಪಂಪಾಪತಿಯ ಕಡೆ ಬಗ್ಗಿ, ಇಂಗ್ಲಿಷಿನಲ್ಲಿ, ನೆರೆಮನೆಯವರು ಕೇಳುವಂತೆ ಸಹಜವಾಗಿ, "ಹಾಗಾದರೆ ನಿಮ್ಮ ತಂದೆ ನಿನ್ನೆ ಎಲ್ಲಿಗೆ ಹೋಗಿದ್ದರು?" ಎಂದು ಕೇಳಿದರು.

ಪಂಪಾಪತಿ 'ಮೈ ಫಾದರ್' ಎಂಬ ಚೀಟಿ ಎತ್ತಿದ, 'ವೆಂಟ್ ಟು' ಎತ್ತಿದ, ಮದ್ರಾಸನ್ನು ಪಕ್ಕಕ್ಕೆ ಸರಿಸಿದ. ಮುಂದಿನದಕ್ಕೆ ಚೀಟಿ ಇರಲಿಲ್ಲ. ನಾನು ಬರೆದೇ ಇರಲಿಲ್ಲ. ಅವನು ತಡಕಾಡಿ, "ಕೆನಾಲ್" ಎಂದ. "ಮೈ ಫಾದರ್ ವೆಂಟ್ ಟು ಕೆನಾಲ್." ಯಾಕೆ ಎಂದರು ಮೇಡಂ. "ವಾಟರ್ ಕೇಮ್. ಅವರ್ ಟರ್ನ್." ಆಮೇಲೆ ಏನಾಯಿತು? "ಅಂಕಲ್ ಕ್ಲೋಸ್ಡ್ ವಾಟರ್. ಮೈ ಫಾದರ್ ಓಪನ್ಡ್ ವಾಟರ್. ಅಂಕಲ್ ಅಂಡ್ ಫಾದರ್..." ಎಂದು ಪದ ಸಿಗದೆ ಎರಡು ಕೈಗಳಿಂದ ಕೊರಳಪಟ್ಟಿ ಹಿಡಿದು ತೋರಿಸಿದ. ಕಾಲುವೆಯ ನೀರಿನ ಪಾಳಿಗೆ ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿದ್ದು ಊರಿಗೆಲ್ಲ ಗೊತ್ತಿದ್ದ ಸುದ್ದಿ. ಅದನ್ನು ಇಂಗ್ಲಿಷಿನಲ್ಲಿ ಕೇಳಿದ್ದು ಮಾತ್ರ ಭೂಮಿಯ ಮೇಲೆ ಅದೇ ಮೊದಲು.

ಕಟ್ಟೆ ಒಡೆದಂತಾಯಿತು. ಇದುವರೆಗೆ ಸುಳ್ಳು ವಾಕ್ಯ ಹೇಳಲಾಗದೆ ಒದ್ದಾಡುತ್ತಿದ್ದವರಿಗೆಲ್ಲ ನಿಜ ಹೇಳಲು ಪಾಳಿ ಬೇಕಾಯಿತು. ಚೀಟಿಗಳು ಸಾಲದೆ ಹೋದವು. ಕೆಲವರು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಹೇಳಿದರು, ಕೆಲವರು ತೆಲುಗಿನಲ್ಲಿ ತಡಕಾಡಿ ಇಂಗ್ಲಿಷಿಗೆ ಬಂದರು. ವೆಂಕಟೇಶ್ವರ್ಲು, "ಮೈ ಮದರ್ ವೆಂಟ್ ಟು ಹೊಸಪೇಟೆ. ಷೀ ಸಾ ಸಿನಿಮಾ. ಮೈ ಫಾದರ್ ಡಸ್ ನಾಟ್ ನೋ" ಎಂದ. ಮಾಸ್ತರುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತಿದ್ದಂತೆ ಹಿಂದಿನ ಸಾಲಿನಿಂದ ಮುಂದಕ್ಕೆ ಸರಿದು ಕುಳಿತಿದ್ದ ಹಂಪಮ್ಮ, ವರ್ಷವಿಡೀ ಇಂಗ್ಲಿಷಿಗೆ ತುಟಿ ಬಿಚ್ಚದಿದ್ದ ಹುಡುಗಿ, ಕಂಬಳಿಯ ಮೇಲೆ ಅಂಗೈಯಿಟ್ಟು ಸ್ಪಷ್ಟವಾಗಿ ಹೇಳಿದಳು: "ಅವರ್ ಸರ್ ಸ್ಲೆಪ್ಟ್ ಇನ್ ದ ಕ್ಲಾಸ್ ಎಸ್ಟರ್ಡೇ."

ಮಾದರಿ ಪಾಠದ ತಯಾರಿಯಲ್ಲಿ ದಣಿದು ನಾನು ಹಿಂದಿನ ಮಧ್ಯಾಹ್ನ ಕುರ್ಚಿಯಲ್ಲಿ ಜೋಂಪು ಹತ್ತಿಸಿಕೊಂಡದ್ದು ನಿಜವೇ. ಆದರೆ ಮಹನೀಯರೇ, ಆ ವಾಕ್ಯವನ್ನು ಇನ್ನೊಮ್ಮೆ ನೋಡಿ. ಎಲ್ಲಿಯಾದರೂ ಒಂದು ತಪ್ಪಿದೆಯೇ? ಯಾವ ಚೀಟಿಯ ಸಹಾಯವೂ ಇಲ್ಲದೆ, ಯಾರೂ ಬಾಯಿಪಾಠ ಮಾಡಿಸದೆ, ಆ ಹುಡುಗಿ ತಾನೇ ಕಂಡದ್ದನ್ನು ತಾನೇ ಕಟ್ಟಿ ಹೇಳಿದ ಮೊದಲ ಇಂಗ್ಲಿಷ್ ವಾಕ್ಯ ಅದು. ಅಷ್ಟು ವರ್ಷ ಪಾಠ ಹೇಳಿದ್ದೆ. ನನ್ನ ಮಕ್ಕಳು ತಮ್ಮ ಮಾತನ್ನು ಇಂಗ್ಲಿಷಿನಲ್ಲಿ ಆಡಿದ್ದನ್ನು ಕೇಳಿದ್ದು ಅಂದೇ. ನಾಚಿಕೆ ಒಂದು ಕಡೆ, ಹೆಮ್ಮೆ ಒಂದು ಕಡೆ ಎಳೆದವು. ಹೆಮ್ಮೆಯೇ ಗೆದ್ದಿತು. ಕಣ್ಣಲ್ಲಿ ನೀರು ಬಂತು. ನಾಚಿಕೆಯ ನೀರೆಂದು ಗುರುರಾಜ ಮಾಸ್ತರು ತಿಳಿದುಕೊಂಡರು, ತಿಳಿದುಕೊಳ್ಳಲಿ.

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಈಗ ನಿಮ್ಮ ಪಾಳಿ, ಮಿಸ್ಟರ್ ಕಂಪ್ಲಿ" ಎಂದು 'ಐ ವಾಂಟ್' ಎಂಬ ಚೀಟಿಯನ್ನು ನನ್ನ ಮುಂದೆ ಒತ್ತಿದರು. ನಾನು ಅಂಚಿನಲ್ಲಿ ಕುಳಿತು ಕಂಬಳಿಗೆ ಕೈಯಿಟ್ಟೆ. ನನ್ನ ವಿದ್ಯಾರ್ಥಿಗಳು ವಿದ್ಯಾವಂತರಾಗಲೆಂದು ಬಯಸುತ್ತೇನೆ, ನಮ್ಮ ನಾಡು ಮುಂದೆ ಬರಲೆಂದು ಬಯಸುತ್ತೇನೆ, ಇಂಥ ಚೆಂದದ ವಾಕ್ಯಗಳು ಭಾಷಣಕ್ಕೆಂದೇ ನನ್ನ ಬಳಿ ಸಿದ್ಧವಿದ್ದವು. ಮಕ್ಕಳೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಂಗೈಗೆ ಉಣ್ಣೆ ಚುಚ್ಚುತ್ತಿತ್ತು. "ಐ ವಾಂಟ್..." ಎಂದೆ. "ಐ ವಾಂಟ್ ದ ಬೀರು" ಎಂದು ಹೊರಬಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದೂ ಆ ಹೊತ್ತಿಗೆ ಮರೆತುಹೋಗಿತ್ತು.

ನಗುವಿನಿಂದ ಹಂಚು ಹಾರುವುದೊಂದು ಬಾಕಿ. ಗುರುರಾಜ ಮಾಸ್ತರು ಎದ್ದು ನಿಂತು, "ಮೇಡಂ, ಬೀರು ನಮಗೂ ಭಾಳ ಅವಶ್ಯ ಐತ್ರಿ. ನಮ್ಮಲ್ಲಿ ಎಲ್ಲ ಹುಡುಗ್ರೂ ದಿನಾ ಹಿಂಗ ಸ್ವಂತ ಇಂಗ್ಲಿಷ್ ಮಾತಾಡ್ತಾರ" ಎಂದರು. "ಹೌದಾ? ಬನ್ನಿ, ಇಲ್ಲಿ ಕೂತು ಹೇಳಿ" ಎಂದು ಮೇಡಂ ಪಕ್ಕದ ಜಾಗ ತೋರಿಸಿದರು. ಗುರುರಾಜ ಮಾಸ್ತರು ಕಂಬಳಿಯನ್ನು ನೋಡಿದರು, ಬೂಟನ್ನು ನೋಡಿದರು. "ಬೂಟಿನ ದಾರ ಭಾಳ ಬಿಗಿ ಆಗೈತ್ರಿ ಮೇಡಂ" ಎಂದು ಕುಳಿತುಬಿಟ್ಟರು. ಅವರೂ ಈ ನೆಲದವರೇ, ಪಾಪ.

ಬೀರು ಕಂಪ್ಲಿಗೇ ಎಂದು ಮೇಡಂ ಅಲ್ಲೇ ಹೇಳಿಬಿಟ್ಟರು. ಬೀರು ಬಂತು. ಎತ್ತಿನ ಬಂಡಿಯಲ್ಲಲ್ಲ, ಪಂಪಾಪತಿಯ ತಂದೆಯ ಟ್ರ್ಯಾಕ್ಟರಿನಲ್ಲಿ. ಅಪ್ಪ ನಡೆಸುತ್ತಿದ್ದ, ಮೊನ್ನೆ ಕೊರಳಪಟ್ಟಿ ಹಿಡಿದಿದ್ದ ಚಿಕ್ಕಪ್ಪ ಹಿಂದೆ ಕುಳಿತು ಬೀರು ಅಲುಗಾಡದಂತೆ ಹಿಡಿದಿದ್ದ. ಮುಂದೆ ವರ್ಷಗಳ ಕಾಲ ತಿಂಗಳಿಗೊಮ್ಮೆ ಸಂಡೂರಿನವರು, ಹೊಸಪೇಟೆಯವರು, ಗುರುರಾಜ ಮಾಸ್ತರೂ ಸೇರಿ, ನಮ್ಮ ಶಾಲೆಗೆ ಬಂದರು. ಬೀರಿನಿಂದ ಪುಸ್ತಕ ಒಯ್ದರು, ಟೇಪ್ ರೆಕಾರ್ಡರ್ ಕೇಳಿದರು, ಕೆಟ್ಟಾಗ ಬಡಿದರು. ಎಲ್ಲ ಮುಗಿದ ಮೇಲೆ ಹೊರಡುವಾಗ ಮಾತ್ರ ಒಬ್ಬೊಬ್ಬರೇ ನನ್ನನ್ನು ಪಕ್ಕಕ್ಕೆ ಕರೆದು, "ಸರ, ಅಂಥಾ ಕಂಬ್ಳಿ ಎಲ್ಲಿ ಸಿಗತೈತ್ರಿ?" ಎಂದು ಕೇಳುತ್ತಿದ್ದರು. ಹೀಗಿರುವಾಗ ನಾನು ಜಂಬ ಪಡದಿದ್ದರೆ ಅದೇ ಅಹಂಕಾರವಾದೀತು.

ಆದರೆ ಮಾದರಿ ಪಾಠದ ಆ ಸಂಜೆಯದೊಂದು ಮಾತು ಉಳಿದಿದೆ. ಗೆದ್ದ ಸಂಭ್ರಮದಲ್ಲಿ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದೆ. ಹುಲಿಗೆಮ್ಮ ಅದನ್ನು ಇಸಿದುಕೊಂಡು, ಎಲ್ಲಾದರೂ ಹರಿದಿದೆಯೇ, ತೂತು ಬಿದ್ದಿದೆಯೇ ನೋಡಲು ಪಡಸಾಲೆಯಲ್ಲಿ ಹಾಸಿದಳು. ನಾನು ಚಪ್ಪಲಿ ಬಿಟ್ಟು ಅದರ ಮೇಲೆಯೇ ನಿಂತು, ಕೈ ಬೀಸಿ, ಪಂಪಾಪತಿಯ ಪಾತ್ರ, ಮೇಡಂ ಪಾತ್ರ, ಗುರುರಾಜರ ಬೂಟು ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ನಾನು ನಿದ್ದೆ ಮಾಡಿದ್ದನ್ನು ಕೂಡ ಬಿಡಲಿಲ್ಲ, ಆಸ್ಥಾನದಲ್ಲಿ ಬಿರುದು ಪಡೆದವನಂತೆ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಕೊನೆಗೆ ನಾನು ಕಂಬಳಿ ಮುಟ್ಟಿ ಬೀರು ಬೇಕೆಂದು ಬೇಡಿದ ಭಾಗಕ್ಕೆ ಬಂದಾಗ ನಗು ನಿಲ್ಲಿಸಿ ಕೇಳಿಸಿಕೊಂಡಳು.

"ಅಷ್ಟು ಮಂದಿ ಮುಂದ ಬಾಯಿ ಬಿಟ್ಟು ಬೀರು ಬೇಕು ಅಂದ್ರಾ?"

"ಅಂದೆ."

"ಕೇಳಿದ ಕೂಡ್ಲೆ ಕೊಟ್ರಾ?"

"ಕೊಟ್ರು ಮತ್ತ! ಸುಮ್ನ ಏನು?"

"ನಾ ಮದುವಿ ಆಗಿ ಬಂದಾಗಿಂದ ಕೇಳಾಕ ಹತ್ತೀನಿ. ಸೀರಿ ಎಲ್ಲಾ ಇಲಿ ಕಡದು ಹೋದವು. ಮುಂದಿನ ವರ್ಷ, ಮುಂದಿನ ವರ್ಷ ಅಂತ ಎಷ್ಟು ವರ್ಷ ಅಂದೀರಿ? ಈಗ ಹೆಂಗೂ ಅದರ ಮ್ಯಾಲ ನಿಂತೀರಿ. ಹೇಳ್ರಿ ನೋಡೋಣು, ನಮ್ಮ ಮನಿಗೆ ಬೀರು ಯಾವಾಗ ತರ್ತೀರಿ?"

ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಉಣ್ಣೆ ಅಂಗಾಲಿಗೆ ಚುಚ್ಚುತ್ತಿತ್ತು. ನಾನು ಕಂಬಳಿಯಿಂದ ಒಂದು ಹೆಜ್ಜೆ ಹಿಂದೆ ಸರಿದು, ಬರಿನೆಲದ ಮೇಲೆ ಎರಡೂ ಕಾಲುಗಳನ್ನು ಗಟ್ಟಿಯಾಗಿ ಊರಿಕೊಂಡು, "ಬರೋ ದೀಪಾವಳಿಗೆ" ಎಂದೆ.